ಎಂಟನೇ ಕ್ಲಾಸ್ ಮುಗಿಸಿದ ಮಗ, ಉದ್ದ ಬೇಸಿಗೆ ರಜೆ: ನೀವೆಲ್ಲ ಏನು ಮಾಡಿಸಿದ್ರಿ?

ಮಂಡ್ಯದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ 13 ವರ್ಷ. ಸ್ಟೇಟ್ ಸಿಲಬಸ್. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ರಜೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆಯಿಂದ ಸಂಜೆವರೆಗೆ ಮನೆಯಲ್ಲಿ ಅವನು, ಫ್ಯಾನು, ಮೊಬೈಲು. ಯಜಮಾನರು ಮೈಸೂರಿನಲ್ಲಿ, ಮೆಡಿಕಲ್ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಈಗಿಂದಲೇ ತಯಾರಿ ಮಾಡಿಸುವ ಫೌಂಡೇಶನ್ ಕೋಚಿಂಗ್‌ಗೆ ಹಾಕೋಣ ಅಂತಾರೆ. ಅತ್ತೆ ಮದ್ದೂರು ಕಡೆ ಊರಿಗೆ ಕಳಿಸು ಅಂತಾರೆ. ನನಗೆ ಯಾವುದಾದರೂ ಬೇಸಿಗೆ ಶಿಬಿರ ಸಿಕ್ಕರೆ ಸಾಕು. ಹತ್ತು ಸಾವಿರದೊಳಗೆ ಮುಗಿಯಬೇಕು. ನಿಮ್ಮ ಅನುಭವ ಹೇಳ್ತೀರಾ?

ಜೆ.ಪಿ. ನಗರದ ಅಪ್ಪ
ನಮ್ಮ ಮೈಸೂರಿನಲ್ಲಿ ಹತ್ತು ಸಾವಿರಕ್ಕೆ ಫೌಂಡೇಶನ್ ಮರೆತುಬಿಡಿ ಮೇಡಂ. ನನ್ನ ಲೆಕ್ಕ ಪೂರ್ತಿ ಕೊಡ್ತೀನಿ, ನೀವೇ ನೋಡಿ.

ಬೋರ್ಡ್ ಮೇಲೆ ಬರೆದಿದ್ದು 24,000. ಅದರ ಮೇಲೆ ಜಿಎಸ್‌ಟಿ 4,320. ಕೌಂಟರಿಗೆ ಹೋದಮೇಲೆ ರಿಜಿಸ್ಟ್ರೇಷನ್ ಅಂತ 1,500. ಪುಸ್ತಕಕ್ಕೆ 4,200. ಬ್ಯಾಗು, ಟೀ ಶರ್ಟು 1,100. ಬ್ಯಾಗು ಮನೇಲಿದೆ ಅಂದೆ, ಕೇಳಲಿಲ್ಲ. ಎರಡು ತಿಂಗಳಿಗೆ ವ್ಯಾನ್ 3,600. ಒಟ್ಟು 38,720. ಚೀಟಿಗಳೆಲ್ಲ ಇನ್ನೂ ನನ್ನ ಬೀರುವಿನಲ್ಲಿವೆ.

ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಫಿಸಿಕ್ಸ್ ಸರ್ ಬೆಂಗಳೂರಿಗೆ ಹೋದರು. ಅವರ ಪೀರಿಯಡ್‌ಗೆ ಟಿವಿ ಹಾಕಿ ರೆಕಾರ್ಡ್ ಮಾಡಿದ ಪಾಠ ತೋರಿಸಿದರು. ಬೆಳಗಿನ ಬ್ಯಾಚ್ ಇದ್ದಕ್ಕಿದ್ದಂಗೆ ಮಧ್ಯಾಹ್ನಕ್ಕೆ ಹೋಯ್ತು. ವ್ಯಾನಿನವನು ಮಧ್ಯಾಹ್ನ ಬರಲ್ಲ ಅಂದ, ಕೊಟ್ಟ ದುಡ್ಡೂ ವಾಪಸ್ ಕೊಡಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ನಾನೇ ಸ್ಕೂಟರಿನಲ್ಲಿ ಬಿಟ್ಟು ಬಂದೆ. ಆದರೂ ಈಗ ಒಂಬತ್ತನೇ ಕ್ಲಾಸಿನ ಗಣಿತಕ್ಕೆ ಟ್ಯೂಷನ್ ಬೇಕಾಗಿಲ್ಲ. ಸುಮ್ನೆ ಊರು ಸುತ್ತೋದಕ್ಕಿಂತ ಸಾವಿರ ಪಾಲು ಮೇಲು.

ಕುವೆಂಪುನಗರದ ಅಮ್ಮ
38 ಸಾವಿರ ಕೊಟ್ಟು ಮಗುವಿಗೆ ವಿಡಿಯೋ ತೋರಿಸಿದ್ರಾ ಸರ್? ಅದು ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತಲ್ವಾ?

ನನ್ನ ಮಗಳು ಹೋಗಿದ್ದು ರಂಗಾಯಣದ ಚಿಣ್ಣರ ಮೇಳಕ್ಕೆ, ಮಕ್ಕಳ ನಾಟಕದ ಬೇಸಿಗೆ ಶಿಬಿರ ಅದು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ ಜಾಗ, ಅದನ್ನು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೇಳುವವರು ಜಾಸ್ತಿ, ಜಾಗ ಕಮ್ಮಿ. ಪೇಪರಿನಲ್ಲಿ ಸುದ್ದಿ ಬಂದ ದಿನವೇ ಎದ್ದು ಹೊರಡಬೇಕು. ನಾಳೆ ನೋಡೋಣ ಅಂದವರಿಗೆ ಸಿಗಲ್ಲ. ಶಿಬಿರದ ಫೀಸಿಗಿಂತ ಆಟೋದವನಿಗೆ ನಾನು ಕೊಟ್ಟಿದ್ದೇ ಜಾಸ್ತಿ. ಹೋಗ್ತಾ 120, ಬರ್ತಾ 150. ಬರುವಾಗ ಯಾಕೆ ಜಾಸ್ತಿ ಅಂದ್ರೆ ಬಿಸಿಲು ಅಂತಾನೆ.

ಅಲ್ಲಿಂದ ಬಂದು ಮನೇಲೂ ಮುಖವಾಡ ಮಾಡೋಕೆ ಶುರು ಮಾಡಿದಳು. ಹಳೇ ಪೇಪರು, ಮೈದಾ ಅಂಟು. ಕೋಳಿಹುಂಜ ಮಾಡಿ ಕಾಂಪೌಂಡ್ ಮೇಲೆ ಒಣಗಿಸಲು ಇಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಜುಟ್ಟು ಪೂರ್ತಿ ಇರುವೆ ತಿಂದಿದೆ. ಮನೆಯೆಲ್ಲ ಅಳು. ಪುಸ್ತಕ ಬೈಂಡ್ ಮಾಡುವ ನಮ್ಮ ಮಾವನವರು ಮೈದಾ ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಬೇಕು ಅಂತ ಹೇಳಿಕೊಟ್ಟರು. ವಿಷ ಅದು, ಹಾಗಾಗಿ ಅವರೇ ಹಾಕಿ ಕೈ ತೊಳೆಸಿದರು. ಎರಡನೇ ಹುಂಜ ಈಗಲೂ ಟಿವಿ ಮೇಲಿದೆ. ಬೆವರುಸಾಲೆ ಬಂತು, ಕಿರುಚಿ ಕಿರುಚಿ ಗಂಟಲು ಕಟ್ಟಿತು, ಬಣ್ಣ ಹತ್ತಿದ ಎರಡು ಚೂಡಿದಾರ್ ಹಾಳಾಯ್ತು. ಇರಲಿ. ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಈಗ ಸ್ಕೂಲಿನಲ್ಲಿ ನಿರೂಪಣೆ ಮಾಡ್ತಾಳೆ.

ಜೆ.ಪಿ. ನಗರದ ಅಪ್ಪ
ನಿರೂಪಣೆ ಮಾಡಿದರೆ ಎಂಬಿಬಿಎಸ್ ಸೀಟ್ ಕೊಡ್ತಾರಾ?

ಪಾಂಡವಪುರ ಗೌಡ
ಕೋಚಿಂಗು, ಮುಖವಾಡ. ಎಲ್ಲ ಪೇಟೆಯವರ ಚಿಂತೆ. ಆ ತಾಯಿ ಅತ್ತೆ ಹೇಳಿದ್ದು ಕೇಳಲಿ ಸಾಕು.

ನನ್ನ ಮಗನನ್ನು ಹೋದ ಬೇಸಿಗೆ ನಮ್ಮ ಆಲೆಮನೆಗೆ ಕರೆದುಕೊಂಡು ಹೋಗ್ತಿದ್ದೆ. ಗಾಣದ ಹತ್ತಿರ ಬಿಡಲ್ಲ, ಒಲೆ ಹತ್ತಿರವೂ ಬಿಡಲ್ಲ. ಅವನ ಕೆಲಸ ಲೆಕ್ಕ ಬರೆಯೋದು, ಹದ ನೋಡೋದು. ಕೊಪ್ಪರಿಗೆಯಲ್ಲಿ ರಸ ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕ್ತೀವಿ, ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ, ತೆಗೆದು ಬಿಸಾಕ್ತೀವಿ. ಪಾಕ ಗಟ್ಟಿಯಾದಾಗ ನಮ್ಮ ಹಳೇ ಕೆಲಸಗಾರ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ತೋರಿಸ್ತಿದ್ದ. ಬೆರಳಲ್ಲಿ ಉಂಡೆ ಕಟ್ಟಿದರೆ ಇಳಿಸಬಹುದು. ಕರಗಿದರೆ ಇನ್ನೂ ಇಲ್ಲ. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ ಒಂದು ಕ್ವಿಂಟಾಲ್ ಬೆಲ್ಲ. ಕಟಾವಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಆಳುಗಳ ಊಟ, ಮಂಡಿಯ ಕಮಿಷನ್ನು ಎಲ್ಲ ಕಳೆದು ಒಂದು ದಿನ ಕೇಳಿದ: "ಅಪ್ಪ, ಇದ್ರಲ್ಲಿ ನಮಗೆ ಏನೂ ಉಳೀತಿಲ್ವಲ್ಲ?" ಯಾವ ಕೋಚಿಂಗ್‌ನಲ್ಲಿ ಇದನ್ನ ಹೇಳಿಕೊಡ್ತಾರೆ?

ಸಂಜೆ ನಾಲೇಲಿ ಈಜು. ಅದೂ ಬಿಟ್ಟಿ.

ಹೆಬ್ಬಾಳದ ಅಮ್ಮ
ನಾಲೇಲಿ ಈಜು ಅಂತ ಇಷ್ಟು ಸಲೀಸಾಗಿ ಬರೀಬೇಡಿ ಗೌಡ್ರೇ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ ಬಿದ್ದು 30 ಜನ ಹೋದರಲ್ಲ, ಅದೇ ವಿಶ್ವೇಶ್ವರಯ್ಯ ನಾಲೆ. ಎರಡೂ ಕಡೆ ಕಾಂಕ್ರೀಟ್ ಇಳಿಜಾರು, ಪಾಚಿ. ಇಳಿದವನು ಹತ್ತೋಕೆ ಹಿಡಿಕೆ ಇರಲ್ಲ. ಒಬ್ಬ ಜಾರಿದರೆ ಎತ್ತೋಕೆ ಹೋದ ಇನ್ನಿಬ್ಬರೂ ಹೋಗ್ತಾರೆ. ಪ್ರತಿ ಬೇಸಿಗೆ ಪೇಪರಿನಲ್ಲಿ ಓದ್ತೀವಿ. ನಮ್ಮ ಅಣ್ಣನ ಬೀದಿಯಲ್ಲಿ ಒಬ್ಬ ಹುಡುಗ ಹೀಗೇ ಹೋದ.

ಅದಕ್ಕೇ ನಾನು ದುಡ್ಡು ಕೊಟ್ಟು ಕಲಿಸಿದೆ. ಒಂದು ಖಾಸಗಿ ಪೂಲ್, ಹೆಸರು ಬೇಡ. ಕೋಚಿಂಗ್ 4,500. ಕಾಸ್ಟ್ಯೂಮ್ 650, ಕನ್ನಡಕ 400, ಟೋಪಿ 150. ಕನ್ನಡಕ ಮೂರನೇ ದಿನ ಕಳೆದ, ಮತ್ತೆ 400. ಆಮೇಲೆ ಕಿವಿ ನೋವು. ಇಎನ್‌ಟಿ ಡಾಕ್ಟರ್ 500, ಡ್ರಾಪ್ಸ್ 180. ವಾರ ಬಿಟ್ಟು ಮತ್ತೆ ತೋರಿಸಿ ಅಂದರು, ಮತ್ತೆ 300. ಕಿವಿ ವಾಸಿಯಾಗುವ ತನಕ ನೀರಿಗೆ ಇಳಿಯಬಾರದು. ಅಷ್ಟರಲ್ಲಿ ಬ್ಯಾಚ್ ಮುಗೀತು. ಮುಂದಿನ ಬ್ಯಾಚ್‌ಗೆ ಸೇರಿಸಿ ಅಂದರೆ ಪೂರ್ತಿ ಕಟ್ಟಿ ಅಂದರು. ಹೊಸಬರ ಜೊತೆ ಅವನು ಮತ್ತೆ ಮೊದಲಿಂದ ಕಾಲು ಬಡಿಯೋದು. ಕಟ್ಟಿದೆ. ಎರಡನೇ ಸಲ ಕಲಿತ. ಎಷ್ಟಾಯ್ತು ಅಂತ ಯಜಮಾನರಿಗೆ ಇವತ್ತಿಗೂ ಹೇಳಿಲ್ಲ.

ಪಾಂಡವಪುರ ಗೌಡ
ನಮ್ಮಪ್ಪ ಈಜಿದ್ದೂ ಅಲ್ಲೇ, ನಾನು ಈಜಿದ್ದೂ ಅಲ್ಲೇ. ಕಿವಿ ನೋವು ಬಂದಿಲ್ಲ.

ಹೆಬ್ಬಾಳದ ಅಮ್ಮ
ನಿಮಗೆ ಬಂದಿಲ್ಲ ಸ್ವಾಮಿ. ಮುಳುಗಿದವರು ಇಲ್ಲಿ ಬಂದು ಬರೆಯಲ್ಲ.

ನಿವೃತ್ತ ಗುಮಾಸ್ತ
ಗೌಡರಿಗೆ ಒಂದು ಮಾತು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಆಗಿದೆ. 14 ತುಂಬದ ಮಕ್ಕಳನ್ನು ಎಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವನಿಗೆ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಇಲ್ಲವೇ ಜೈಲು, ಇಲ್ಲವೇ ಎರಡೂ. ಸ್ವಂತ ಮನೆಯವರ ಕಸುಬಿಗೆ ರಜೆಯಲ್ಲಿ ಕೈ ಜೋಡಿಸಬಹುದು, ಅಪಾಯದ ಕೆಲಸ ಆಗಿರಬಾರದು, ಅಷ್ಟೇ. ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ ಅಮ್ಮನ ಅಣ್ಣತಮ್ಮ ಅಕ್ಕತಂಗಿಯರು, ಇಷ್ಟೇ ಜನ ಮನೆಯವರ ಲೆಕ್ಕ. ಪಕ್ಕದ ಮನೆ ಮಾಮ ಬರಲ್ಲ.

ಜೆ.ಪಿ. ನಗರದವರಿಗೂ ಒಂದು. ಕೇಂದ್ರ ಶಿಕ್ಷಣ ಇಲಾಖೆ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು. ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣ ಹತ್ತು ದಿನದಲ್ಲಿ ವಾಪಸ್ ಕೊಡಬೇಕು. ಮಾರ್ಗಸೂಚಿ ಅಷ್ಟೇ, ಕಾಯ್ದೆ ಅಲ್ಲ. ಆದರೂ ಕೌಂಟರಿನಲ್ಲಿ ಕೇಳಬಹುದಿತ್ತಲ್ಲ?

ಜೆ.ಪಿ. ನಗರದ ಅಪ್ಪ
ನಾನು ಬಿಡಿಸಿಲ್ಲ, ವಾಪಸ್ ಯಾಕೆ ಕೇಳಲಿ? ಎಲ್ಲರೂ ನನ್ನ 38 ಸಾವಿರದ ಹಿಂದೆ ಬಿದ್ದಿದ್ದೀರಲ್ಲ. ನನ್ನ ದುಡ್ಡು, ನನ್ನ ಮಗ.

ಮಂಡ್ಯದ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಒಂದು ಹೇಳೋದು ಬಿಟ್ಟಿದ್ದೆ. ಅವನನ್ನೇ ಕೇಳಿದರೆ ನಮ್ಮ ಬೀದಿ ತುದಿಯ ಸೈಕಲ್ ಶಾಪ್‌ನಲ್ಲಿ ಕೂತ್ಕೊತೀನಿ ಅಂತಾನೆ. ಈಗಲೂ ಸ್ಕೂಲ್ ಬಿಟ್ಟಮೇಲೆ ಅಲ್ಲೇ ನಿಂತಿರ್ತಾನೆ. ಗುಮಾಸ್ತ ಸರ್ ಹೇಳಿದ್ದು ಓದಿದ ಮೇಲೆ ಅದೂ ಆಗಲ್ಲ ಅಂತಾಯ್ತು.

ಬೋಗಾದಿ ಬ್ರೋ
ಸೈಕಲ್ ಯಾಕೆ ಅಕ್ಕ, ಗಾಡಿ ಕಲಿಸಿ. ನನ್ನ ಅಕ್ಕನ ಮಗನಿಗೆ ರಜೆಯಲ್ಲಿ ಟಿವಿಎಸ್ ಎಕ್ಸ್‌ಎಲ್ ಕಲಿಸಿದೆ. ರಿಂಗ್ ರೋಡ್ ಆಚೆ ಹೊಸ ಲೇಔಟುಗಳು ಖಾಲಿ. ಪೆಟ್ರೋಲ್ 300, ಮುರಿದ ಮಿರರ್ 180, ಇಂಡಿಕೇಟರ್ 220, ಮೊಣಕಾಲಿಗೆ ಡ್ರೆಸ್ಸಿಂಗ್ 350. ಈಗ ಮನೆಗೆ ಹಾಲು ತರೋದು ಅವನೇ.

ನಿವೃತ್ತ ಗುಮಾಸ್ತ
ಲೈಸೆನ್ಸ್ ಇಲ್ಲದ ಮಗು ರಸ್ತೆಯಲ್ಲಿ ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಸಿಗಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ. 16ಕ್ಕೆ ಓಡಿಸಬಹುದಾದದ್ದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿ. ಎಕ್ಸ್‌ಎಲ್ 100 ಅದರ ಡಬಲ್.

ಬೋಗಾದಿ ಬ್ರೋ
ಮಂಡ್ಯದಲ್ಲಿ ಹತ್ತು ವರ್ಷದ ಹುಡುಗರು ಮೂರು ಜನ ಕೂತು ಹೋಗ್ತಾರೆ, ಅವರಿಗೆ ಹೇಳಿ ಸರ್ ಕಾನೂನು. ಅಲ್ಲಿ ರಜೆಯಲ್ಲಿ ಮಾಡೋಕೆ ಇನ್ನೇನಿದೆ ಪಾಪ.

ಪಾಂಡವಪುರ ಗೌಡ
ಏನಿದೆ ಅಂದ್ರೆ? ರಂಗನತಿಟ್ಟು ಯಾವ ಜಿಲ್ಲೆ? ಕೆಆರ್‌ಎಸ್ ಯಾವ ಜಿಲ್ಲೆ? ಮೇಲುಕೋಟೆ ಯಾವ ಜಿಲ್ಲೆ? ಭಾನುವಾರ ಬಂದು ಫೋಟೋ ತೆಗೆಸ್ಕೊಂಡು ಹೋಗುವಾಗ ಚೆನ್ನಾಗಿರುತ್ತೆ.

ಕುವೆಂಪುನಗರದ ಅಮ್ಮ
ಕೆಆರ್‌ಎಸ್‌ಗೆ ಎಲ್ಲರೂ ಬರೋದು ಮೈಸೂರಿನಿಂದಲೇ ಬಿಡಿ.

ಶ್ರೀರಂಗಪಟ್ಟಣದ ತಾತ
ಜಗಳ ಆಮೇಲೆ ಆಡಿ. ಆ ಮಗು ಸೈಕಲ್ ಅಂದಿದ್ದನ್ನು ಯಾರೂ ಓದಲೇ ಇಲ್ಲವಲ್ಲ.

ನೋಡಮ್ಮ, ಶಾಪಿಗೆ ಕಳಿಸಬೇಡ, ಶಾಪನ್ನೇ ಮನೆಗೆ ತಾ. ನಾನು ಮೊಮ್ಮಗನಿಗೆ ಗುಜರಿಯಿಂದ ಒಂದು ಹಳೇ ಅಟ್ಲಾಸ್ ತಂದೆ, 900 ರೂಪಾಯಿ. ಸ್ಪಾನರ್ ಸೆಟ್ 450, ಸ್ಪೋಕ್ ಕೀ 60, ಪಂಪು 280, ಸಲ್ಯೂಷನ್, ಪ್ಯಾಚು, ಉಪ್ಪುಕಾಗದ ಸೇರಿ 90. ಎರಡು ಟ್ಯೂಬು 300. ಟಯರ್ ಮಾತ್ರ ಮೋಸ ಹೋದೆ, ಸೈಜ್ ತಪ್ಪು ಕೊಟ್ಟ, ಬದಲಾಯಿಸಲ್ಲ ಅಂದ, 420 ನೀರಿಗೆ ಬಿತ್ತು. ಮೊದಲು ಪಂಕ್ಚರ್ ಕಲಿಸಿದೆ. ಬಕೆಟ್ ನೀರಿನಲ್ಲಿ ಟ್ಯೂಬ್ ಒತ್ತಿ ಗುಳ್ಳೆ ನೋಡೋದು, ಒರೆಸಿ ಉಜ್ಜೋದು, ಸಲ್ಯೂಷನ್ ಹಚ್ಚಿ ಒಣಗಲು ಬಿಡೋದು. ಆ ಒಣಗಲು ಬಿಡೋದೇ ಹುಡುಗರಿಗೆ ಆಗಲ್ಲ. ತಕ್ಷಣ ಅಂಟಿಸಿದ, ಎದ್ದು ಬಂತು. ಮತ್ತೆ ಅಂಟಿಸಿದ, ಮತ್ತೆ ಎದ್ದು ಬಂತು. ನಾನು ಬಾಯಿ ಬಿಡಲಿಲ್ಲ. ಆಮೇಲೆ ತಾನೇ ಕಾದ.

ಕೊನೆಗೆ ಸ್ಪೋಕ್ ಬಿಗಿ ಮಾಡಿ ಚಕ್ರದ ಓಲಾಟ ತೆಗೆಯೋದಕ್ಕೆ ಬಂದ. ಅದು ನನಗೂ ಸರಿಯಾಗಿ ಬರಲ್ಲ. ಬೀದಿಯ ಮೆಕ್ಯಾನಿಕ್‌ಗೆ ಕಾಫಿ ಕೊಟ್ಟು ಮನೆಗೇ ಕರೆಸಿದೆ. ಗ್ರೀಸ್ ಹತ್ತಿದ ಬಟ್ಟೆ ನೋಡಿ ಸೊಸೆ ನನ್ನ ಜೊತೆ ವಾರ ಮಾತಾಡಲಿಲ್ಲ. ಆ ಸೈಕಲ್ ಈಗ ಅವನ ತಂಗಿ ಓಡಿಸ್ತಾಳೆ.

ಮಂಡ್ಯದ ಅಮ್ಮ
ತಾತ, ಇದು ನನ್ನ ಬಜೆಟ್‌ಗೆ ಸರಿಹೋಗುತ್ತೆ. ಗುಜರಿಯಲ್ಲಿ ಸೈಕಲ್ ತಗೊಳ್ಳುವಾಗ ಏನು ನೋಡಬೇಕು? ರಸೀತಿ ಕೊಡ್ತಾರಾ?

ಶ್ರೀರಂಗಪಟ್ಟಣದ ತಾತ
ಫ್ರೇಮಿನ ಬೆಸುಗೆ ಬಿಟ್ಟಿರಬಾರದು, ಫೋರ್ಕ್ ನೆಟ್ಟಗಿರಬೇಕು. ಮಿಕ್ಕಿದ್ದೆಲ್ಲ ಬದಲಾಯಿಸಬಹುದು. ರಸೀತಿ ಕೇಳಿಯೇ ತಗೋ, ಕಳವಿನ ಮಾಲು ಆಗಿಬಿಟ್ಟರೆ ಕಷ್ಟ. ಮಧ್ಯಾಹ್ನದ ಬಿಸಿಲಲ್ಲಿ ಕೆಲಸ ಬೇಡ. ಅತ್ತೆಯ ಊರಿಗೆ ನಡುವೆ ಒಂದಷ್ಟು ದಿನ ಕಳಿಸು. ಅಲ್ಲಿಯ ಪಂಚಾಯ್ತಿ ಲೈಬ್ರರಿಯಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ.

ಹೆಬ್ಬಾಳದ ಅಮ್ಮ
ಊರಿಗೆ ಕಳಿಸಿದರೆ ನಾಲೆ ಕಡೆ ಬಿಡಬೇಡಿ ಅಂತ ಅತ್ತೆಗೆ ಎರಡು ಸಲ ಹೇಳಿ.

ಪಾಂಡವಪುರ ಗೌಡ
ಮತ್ತೆ ನಾಲೆ.

ಕುವೆಂಪುನಗರದ ಅಮ್ಮ
ಗೌಡ್ರೇ, ನಾಲೆ ಬಿಡಿ. ಬೆಂಡೆ ಲೋಳೆ ಅಂದ್ರಲ್ಲ, ಹಾಗಾದರೆ ಮಾರ್ಕೆಟ್‌ನಲ್ಲಿ ಬರೋ ಹಳದಿ ಬೆಲ್ಲಕ್ಕೆ ಬಣ್ಣ ತಿಳಿ ಮಾಡೋ ಹೈಡ್ರೋಸ್ ಕೆಮಿಕಲ್ ಹಾಕೋರು ಯಾರು?

ಪಾಂಡವಪುರ ಗೌಡ
ಹಾಕೋರು ಹಾಕ್ತಾರೆ, ಯಾಕೆ ಹಾಕ್ತಾರೆ ಗೊತ್ತಾ? ಕಪ್ಪು ಬೆಲ್ಲ ತಂದರೆ ನಿಮ್ಮಂಥವರು ಮೂಗು ಮುರೀತೀರಿ. ಕಪ್ಪಗಿದ್ದರೆ ಮಂಡಿಯಲ್ಲಿ ರೇಟು ಇಳಿಸ್ತಾರೆ. ನಾನು ಹಾಕಲ್ಲ, ಅದಕ್ಕೇ ನನ್ನ ಮಗನ ಲೆಕ್ಕದಲ್ಲಿ ಏನೂ ಉಳೀತಿಲ್ಲ.

ಜೆ.ಪಿ. ನಗರದ ಅಪ್ಪ
ಹಾಕಲ್ಲ ಅಂತ ಎಲ್ಲರೂ ಹೇಳ್ತಾರೆ.

ಪಾಂಡವಪುರ ಗೌಡ
ಬಂದು ನೋಡಿ ಸ್ವಾಮಿ. ಮಗನನ್ನೂ ಕರ್ಕೊಂಡು ಬನ್ನಿ, ಟಿವಿ ಇಲ್ಲ ನಮ್ಮ ಆಲೆಮನೇಲಿ.

ಕುವೆಂಪುನಗರದ ಅಮ್ಮ
ನಾನು ಮೂಗು ಮುರಿಯಲ್ಲಪ್ಪ. ಕಪ್ಪು ಬೆಲ್ಲ ಐದು ಕೆಜಿ ಬೇಕು, ಮೈಸೂರಿಗೆ ಕಳಿಸ್ತೀರಾ? ಆಟೋ ಚಾರ್ಜು ನಾನು ಕೊಡಲ್ಲ.