ಅಪ್ಪ ಹಾಡುತ್ತಾರೆ, ಮಾತು ಬರುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆಗಿ ಮೂರು ತಿಂಗಳಾಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಆದರೆ ಬಾಯಿಂದ ಮಾತು ಹೊರಡುವುದಿಲ್ಲ. ಮೊನ್ನೆ ಹಳೆಯ ಹಾಡೊಂದರ ಎರಡು ಸಾಲನ್ನು ಪದಗಳ ಸಮೇತ ಹಾಡಿಬಿಟ್ಟರು! ಸಂಗೀತ ಚಿಕಿತ್ಸೆಯಿಂದ ಮಾತು ಮರಳೀತೇ?

ಉತ್ತರ: ನಮ್ಮಮ್ಮನಿಗೂ ಹೀಗೇ ಆಗಿತ್ತು. ಮೊದಲ ಸಲ ಹಾಡಿದಾಗ ಮನೆಮಂದಿಯೆಲ್ಲ ಅತ್ತೆವು, ಇನ್ನು ಮಾತು ಬಂದ ಹಾಗೇ ಅಂದುಕೊಂಡೆವು. ಬರಲಿಲ್ಲ. ಬಾಯಿಪಾಠವಾದ ಹಾಡಿನಲ್ಲಿ ಒಂದು ಪದದ ಬೆನ್ನಿಗೆ ಇನ್ನೊಂದು ತಾನಾಗಿ ಬರುತ್ತದೆ; ಬಾಯಾರಿದೆ ಎಂದು ಹೇಳಬೇಕಾದರೆ ಪದಗಳನ್ನು ಹೊಸದಾಗಿ ಹೆಕ್ಕಿ ಜೋಡಿಸಬೇಕು. ಹೆಚ್ಚಿನವರಲ್ಲಿ ಅದು ಮೆದುಳಿನ ಎಡಭಾಗದ ಕೆಲಸ. ರಾಗಕ್ಕೆ ಬಲಭಾಗವೂ ದುಡಿಯುವುದರಿಂದ ಎಡಕ್ಕೆ ಪೆಟ್ಟು ಬಿದ್ದರೂ ಹಾಡು ಉಳಿದಿರಬಹುದು.

ನಮ್ಮ ಥೆರಪಿಸ್ಟ್ ಹಿಡಿದದ್ದು ಮೆಲೋಡಿಕ್ ಇಂಟೊನೇಶನ್ ಥೆರಪಿ, 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಧಾನ. ಹಾಡನ್ನು ಬದಿಗಿಟ್ಟು ‘ನೀರು ಬೇಕು’ ಎಂಬುದನ್ನೇ ಎರಡು ಸ್ವರಕ್ಕೆ ಕೂರಿಸಿದರು: ನೀ, ಬೇ ಮೇಲಿನದು, ರು, ಕು ಕೆಳಗಿನದು. ಅಕ್ಷರಕ್ಕೊಂದರಂತೆ ಅಮ್ಮನ ಎಡಗೈಯನ್ನು ಮೇಜಿಗೆ ತಟ್ಟಿಸುತ್ತಿದ್ದರು. ಮೊದಲು ಬರೀ ಗುನುಗು, ಆಮೇಲೆ ಜೊತೆಯಲ್ಲಿ ಹಾಡುವುದು, ನಂತರ ಅವರು ನಡುವೆ ದನಿ ನಿಲ್ಲಿಸಿ ಅಮ್ಮನೊಬ್ಬರನ್ನೇ ಬಿಡುವುದು. ಕೊನೆಗೆ ರಾಗವನ್ನು ಸಡಿಲಿಸುತ್ತಾ ಮಾತಿನ ಧಾಟಿಗೆ ತರುವುದು. ಐದಾರು ವಾರಕ್ಕೆ ಅಮ್ಮ ರಾಗವಿಲ್ಲದೆ ನೀರು ಕೇಳಿದರು. ಎಲ್ಲ ಮಾತೂ ಮರಳಿಲ್ಲ, ಆದರೆ ದಿನದ ಅಗತ್ಯಕ್ಕೆ ಬೇಕಾದಷ್ಟು ಬಂತು. ಎಲ್ಲರಿಗೂ ಇಷ್ಟೇ ಫಲ ಸಿಗುತ್ತದೆ ಎನ್ನಲಾರೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಳ್ಳೆಯದಾಗಲಿ ಎಂದು ದಿನವಿಡೀ ಹಾಡು ಹಾಕುತ್ತಿದ್ದೆ. ಅಮ್ಮ ಮುಖ ತಿರುಗಿಸುತ್ತಿದ್ದರು. ಪೆಟ್ಟು ತಿಂದ ಮೆದುಳಿಗೆ ಗದ್ದಲದೊಳಗಿಂದ ಮಾತನ್ನು ಬೇರ್ಪಡಿಸಿಕೊಳ್ಳುವುದೇ ದೊಡ್ಡ ದಣಿವು. ಅಭ್ಯಾಸದ ಹೊತ್ತಿನಲ್ಲಿ ಮನೆ ನಿಶ್ಶಬ್ದವಾಗಿರಲಿ.

ಇನ್ನೊಬ್ಬರ ಉತ್ತರ: ಸಂಗೀತ ಕೇಳುವುದಕ್ಕೂ ಬೆಲೆಯಿದೆ. ಫಿನ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ತಿಂಗಳು ದಿನವೂ ತಮಗಿಷ್ಟದ ಸಂಗೀತ ಕೇಳಿದ ಸ್ಟ್ರೋಕ್ ರೋಗಿಗಳ ಪದನೆನಪು, ಗಮನ ಎರಡೂ ಪುಸ್ತಕ ಓದುವ ಧ್ವನಿಮುದ್ರಿಕೆ ಕೇಳಿದವರಿಗಿಂತ ಚೆನ್ನಾಗಿ ಸುಧಾರಿಸಿದವು. ಹಾಡು ಆರಿಸುವವರು ನಿಮ್ಮ ಅಪ್ಪನೇ ಆಗಿರಲಿ. ನನ್ನ ಮಾವನವರ ನಡಿಗೆಗೆ ಮೆಟ್ರೊನೋಮ್ ಎಂಬ ತಾಳ ಹಾಕುವ ಸಾಧನ ಬಳಸಿದ್ದರು. ತಾಳ ಕಿವಿಗೆ ಬಿದ್ದರೆ ಹೆಜ್ಜೆಗೆ ಸಮಯ ಸಿಗುತ್ತದೆ. ಮೊದಲು ಅವರ ವೇಗಕ್ಕೇ ತಾಳ ಹೊಂದಿಸಿ, ಆಮೇಲೆ ಚೂರುಚೂರೇ ಏರಿಸಿದರು. ಅಪ್ಪ ಮತ್ತೆ ಹಾಡಿದರೆ ರೆಕಾರ್ಡ್ ಮಾಡಿಕೊಳ್ಳಿ, ಸ್ಪೀಚ್ ಥೆರಪಿಸ್ಟಿಗೆ ಮೊದಲು ಅದನ್ನೇ ಕೇಳಿಸಿ.