ಉಬ್ಬರದ ರಾತ್ರಿ ಉಪ್ಪುಜೌಗಿನಲ್ಲಿ ಇಲಿಬೋನು: ಎಲ್ಲಿ, ಎಷ್ಟು ಎತ್ತರ?

ಕೆಸರುದಾರಿ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯ ಜೌಗು. ಸಾಲ್ಟ್ ಮಾರ್ಷ್ ಹಾರ್ವೆಸ್ಟ್ ಮೌಸ್ (ಇಲ್ಲಿನ ಉಪ್ಪುಜೌಗುಗಳಲ್ಲಷ್ಟೇ ಇರುವ, ಅಳಿವಿನಂಚಿನ ಪುಟ್ಟ ಇಲಿ) ಸಮೀಕ್ಷೆ; ಕೇಂದ್ರ, ರಾಜ್ಯ ಎರಡೂ ಪರವಾನಗಿ ಇವೆ. ಉಬ್ಬರದ ಪಟ್ಟಿ ಪ್ರಕಾರ ಪಿಕಲ್‌ವೀಡ್ (ಉಪ್ಪುನೆಲದ ರಸಭರಿತ ಗಿಡ) ಬಯಲು ಮುಳುಗಬಾರದು, ಆದರೂ ನೀರು ಬರುತ್ತಿದೆ. ಇಲಿಗಳು ಹೇಗೂ ಏರಿಯ ಕಡೆಗೆ ಓಡುತ್ತವಲ್ಲ, ಶೆರ್ಮನ್ ಬೋನುಗಳನ್ನೆಲ್ಲ (ಇಲಿಯನ್ನು ಜೀವಂತ ಹಿಡಿಯುವ ಲೋಹದ ಪೆಟ್ಟಿಗೆ) ಏರಿಯ ಬುಡಕ್ಕೆ ಸರಿಸಿದರೆ ಸಾಲದೇ?

ಜವುಳುನೆಲ: ಸಾಲದು. ಹತ್ತು ಗ್ರಾಂ ಆಸುಪಾಸಿನ ಈ ಇಲಿ ನೀರೇರಿದಾಗ ಪಕ್ಕಕ್ಕೆ ಓಡುವುದಕ್ಕಿಂತ ಮೇಲಕ್ಕೆ ಹತ್ತುವುದೇ ಹೆಚ್ಚು. ಇದೇ ಕೊಲ್ಲಿಯ ಉತ್ತರ ಭಾಗದಾಚೆಯ ಸೂಸೂನ್ ಜೌಗಿನಲ್ಲಿ ರೇಡಿಯೊ ಕಟ್ಟಿ ಹಿಂಬಾಲಿಸಿದಾಗಲೂ ನೀರಿನ ಮೇಲೆ ಉಳಿದ ಗಿಡಗಳಲ್ಲೇ ಉಬ್ಬರ ಕಳೆದವು. ಈಜು ಚೆನ್ನಾಗಿ ಬರುತ್ತದೆ. ಆದರೆ ನೆನೆದ ತುಪ್ಪಳ ಶಾಖ ಹಿಡಿದಿಡುವುದಿಲ್ಲ, ಬಯಲು ನೀರಿನಲ್ಲಿ ಬೆಳ್ಳಕ್ಕಿಯ ಕಣ್ಣಿಗೂ ಬೀಳುತ್ತದೆ. ಹಾಗಾಗಿ ಎತ್ತರದ ಪಿಕಲ್‌ವೀಡ್, ಕಾಲುವೆಯ ಅಂಚಿನ ಗಮ್‌ಪ್ಲಾಂಟ್ (ಅಂಟು ಮೊಗ್ಗಿನ, ಹಳದಿ ಹೂವಿನ ಗಿಡ) ಪೊದೆಗಳ ಸಾಲನ್ನು ಮೊದಲು ಗುರುತಿಸಿ. ಹುಲ್ಲು ಕತ್ತರಿಸಿದ ಬೋಳು ಏರಿ ಒಣಗಿರಬಹುದು, ಆಸರೆಯಲ್ಲ. ಬೋನುಗಳೆಲ್ಲ ಅಲ್ಲೇ ಇದ್ದರೆ ಬಯಲಿನಲ್ಲಿ ಇಲಿಯೇ ಇಲ್ಲ ಎಂಬ ತಪ್ಪು ಲೆಕ್ಕ ಬರುತ್ತದೆ.

ಇಳಿತ_ಭರತ: ನೀರಿನ ಲೆಕ್ಕ ತಪ್ಪಿರುವುದು ಬಹುಶಃ ಇಲ್ಲಿ: ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್‌ನ ಪಟ್ಟಿಯನ್ನೇ ನೋಡುತ್ತಿದ್ದೀರಾ? ಅಲ್ಲಿ ದಿನದ ಏರಿಳಿತ ಸರಾಸರಿ 1.8 ಮೀಟರ್; ದಕ್ಷಿಣ ತುದಿಯಲ್ಲಿ ಸುಮಾರು 2.6, ಅದೂ ತಡವಾಗಿ. ಹತ್ತಿರದ ಕೇಂದ್ರದ ಪಟ್ಟಿಯನ್ನೇ ಹಿಡಿಯಿರಿ. ಪಟ್ಟಿ ಎತ್ತರ ಅಳೆಯಲು ಹಿಡಿಯುವ ಸೊನ್ನೆ ಬೇರೆ, ಭೂಮಟ್ಟದ ಸರ್ವೆಯ ಸೊನ್ನೆ ಬೇರೆ. ಎರಡನ್ನೂ ಒಂದೇ ಸೊನ್ನೆಗೆ ತರದೆ ಒಂದರಿಂದ ಇನ್ನೊಂದನ್ನು ಕಳೆಯಬೇಡಿ. ವಾಯುಭಾರ 10 ಹೆಕ್ಟೊಪಾಸ್ಕಲ್ ಕುಸಿದರೆ ನೀರು ಸುಮಾರು 10 ಸೆಂಟಿಮೀಟರ್ ಏರುತ್ತದೆ, ಗಾಳಿಯ ತಳ್ಳು ಬೇರೆ. ಇದ್ಯಾವುದೂ ಪಟ್ಟಿಯಲ್ಲಿರುವುದಿಲ್ಲ. ಇನ್ನೊಂದು: ಇಲ್ಲಿ ಬೇಸಿಗೆಯ ದೊಡ್ಡ ಉಬ್ಬರ ಬರುವುದೇ ರಾತ್ರಿ, ಅಂದರೆ ಬೋನು ತೆರೆದಿರುವ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ನಂತರದ ಎರಡು ಮೂರು ದಿನ ಬಿಟ್ಟುಬಿಡುವುದು ಎಲ್ಲ ಉಪಾಯಕ್ಕಿಂತ ಸುಲಭ.

ಕೆಸರುದಾರಿ: ಆ ದಿನಗಳನ್ನು ಬಿಡಲಾಗದಿದ್ದರೆ? ಬೋನನ್ನು ತೇಲುವ ಹಲಗೆಯ ಮೇಲಿಟ್ಟರೆ ಆಗುತ್ತದೆಯೇ?

ಜವುಳುನೆಲ: ಆಗುತ್ತದೆ. ನೀರು ಹೀರದ ಗಟ್ಟಿ ಫೋಮ್ ಹಲಗೆ ತೆಗೆದುಕೊಳ್ಳಿ; ಥರ್ಮೋಕೋಲ್ ಬೇಡ, ಕಾಳುಕಾಳಾಗಿ ಉದುರಿ ಜೌಗೆಲ್ಲ ಹರಡುತ್ತದೆ. ಬೋನನ್ನು ಹಲಗೆಗೆ ಬಿಗಿಯಾಗಿ ಕಟ್ಟಿ, ಹಲಗೆಯನ್ನು ಮಾತ್ರ ಎರಡು ಗೂಟಗಳಿಗೆ ಸಡಿಲ ಬಳೆ ಹಾಕಿ ಬಿಡಿ. ಒಂದೇ ಗೂಟವಾದರೆ ಹಲಗೆ ಗಿರಕಿ ಹೊಡೆಯುತ್ತದೆ. ಗೂಟದ ತಲೆ ನಿರೀಕ್ಷಿತ ನೀರಿಗಿಂತ ಕನಿಷ್ಠ 30 ಸೆಂಟಿಮೀಟರ್ ಮೇಲಿರಲಿ, ಇಲ್ಲವಾದರೆ ಬಳೆ ಕಳಚಿ ಬೋನು ಇಲಿಯ ಸಮೇತ ಕಾಲುವೆಗೆ ಹೋಗುತ್ತದೆ. ಹೆಚ್ಚಾಗಿ ಕೆಡುವುದು ಕಸದಿಂದ: ತೇಲಿಬಂದ ಒಣಗಿಡ ಒಂದು ಬಳೆಗೆ ಸಿಕ್ಕಿದರೆ ಆ ಕಡೆ ಏರುವುದಿಲ್ಲ, ಹಲಗೆ ವಾಲಿ ನೀರು ಬೋನಿನೊಳಗೆ. ಕೂರಿಸಿದ ಮೇಲೆ ಕೈಯಿಂದ ಎತ್ತಿ ಇಳಿಸಿ ನೋಡಿ. ಸುತ್ತಲಿನ ಗಿಡ ಹಲಗೆಗೆ ತಾಗುತ್ತಿರಲಿ, ಇಲಿ ಬರುವುದು ಅದರ ಮೇಲಿಂದಲೇ. ಇಲಿ ಬೆಚ್ಚಗಿರಲು ಬೋನಿನೊಳಗೆ ಪಾಲಿಯೆಸ್ಟರ್ ಹತ್ತಿಯೇ ಇಡಿ. ಮಾಮೂಲಿ ಹತ್ತಿ ನೆನೆದರೆ ಮುದ್ದೆ.

ಇಳಿತ_ಭರತ: ನೀರು ತುಂಬಿರುವಾಗ ತಪಾಸಣೆಗೆಂದು ಒಳಗೆ ನಡೆಯಬೇಡಿ. ಉಳಿದಿರುವ ನಾಲ್ಕು ಪೊದೆಗಳಲ್ಲೇ ಇಲಿಗಳಿರುತ್ತವೆ, ಕಾಲಿನ ಸದ್ದಿಗೆ ನೀರಿಗೆ ಹಾರುತ್ತವೆ. ಚಳಿಗಾಲದಲ್ಲಿ ಇನ್ನೂ ಕಷ್ಟ, ದೊಡ್ಡ ಉಬ್ಬರ ಹಗಲಲ್ಲೇ ಬರುತ್ತದೆ, ಬಕ, ಗಿಡುಗ ಕಾದಿರುತ್ತವೆ. ಏರಿಯ ಮೇಲಿಂದ ದುರ್ಬೀನು ಸಾಕು.