ಗಾಡಿ ತೆಗೆಯುವ ಮುನ್ನ ಚಾಲಕರ ಉಸಿರಿನ ಪರೀಕ್ಷೆ: ಕ್ರಮ ಹೇಗಿರಬೇಕು?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ಕಾರ್ಖಾನೆಯ ನೌಕರರನ್ನು ಕರೆತರುವ ಬಸ್ಸುಗಳ ಉಸ್ತುವಾರಿ ನನ್ನದು. ಬೆಳಗಿನ ಪಾಳಿಯ ಚಾಲಕರೆಲ್ಲರೂ ಬ್ರೆತ್ ಅನಲೈಸರ್ ಊದಿದ ಮೇಲೆಯೇ ಕೀಲಿ ಪಡೆಯಬೇಕೆಂದು ಹೊಸದಾಗಿ ನಿಯಮ ಮಾಡಿದ್ದೇವೆ. ಕಳೆದ ವಾರ ಹಿರಿಯ ಚಾಲಕರೊಬ್ಬರಿಗೆ 22 ಎಂದು ತೋರಿಸಿತು. ತಾವು ಆ ದಿನ ಕುಡಿದೇ ಇಲ್ಲವೆಂದು ಅವರು ಹೇಳಿದರು. ಕಾನೂನಿನ ಮಿತಿ 30 ಇರುವಾಗ ಅವರನ್ನು ತಡೆದದ್ದೇಕೆ ಎಂದು ಉಳಿದವರು ಜಗಳಕ್ಕೆ ನಿಂತರು. ಇಂಥ ವ್ಯವಸ್ಥೆಯನ್ನು ನಡೆಸಿದವರು ದಯವಿಟ್ಟು ಅನುಭವ ಹಂಚಿಕೊಳ್ಳಬೇಕು.

ಉತ್ತರ (ಸರಕು ಸಾಗಣೆ ಸಂಸ್ಥೆಯ ನಿವೃತ್ತ ವ್ಯವಸ್ಥಾಪಕ): ಮೊದಲು 30ರ ಮಾತನ್ನು ಬಿಡಿಸಿಕೊಳ್ಳೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದವರು ವಾಹನ ಓಡಿಸಿದರೆ ಅದು ಅಪರಾಧ. ಅದು ಶಿಕ್ಷೆಯ ಗೆರೆಯೇ ಹೊರತು, ಐವತ್ತು ಜನರನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಲು ಯೋಗ್ಯರೆಂಬ ಪ್ರಮಾಣಪತ್ರವಲ್ಲ. ನಿಮ್ಮ ಸಂಸ್ಥೆ ಅದಕ್ಕಿಂತ ಕಡಿಮೆ ಮಿತಿಯನ್ನು ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಮಿತಿ ಸೇವಾ ನಿಯಮದಲ್ಲಿ ಕನ್ನಡದಲ್ಲಿ ಬರೆದಿರಬೇಕು, ಪ್ರತಿಯೊಬ್ಬರಿಗೂ ಓದಿ ಹೇಳಿ ಸಹಿ ಪಡೆದಿರಬೇಕು. ಜಗಳವಾದ ಮೇಲೆ ತೋರಿಸುವ ನಿಯಮವನ್ನು ಯಾರೂ ನಂಬುವುದಿಲ್ಲ.

ಆ ಹಿರಿಯರು ಸುಳ್ಳು ಹೇಳಿದರೆಂದು ತೀರ್ಮಾನಿಸಬೇಡಿ. ದೇಹವು ಗಂಟೆಗೆ, 100 ಮಿಲಿಲೀಟರ್ ರಕ್ತದ ಲೆಕ್ಕದಲ್ಲಿ, ಸರಾಸರಿ 15 ಮಿಲಿಗ್ರಾಂನಷ್ಟು ಮಾತ್ರ ಮದ್ಯಾಂಶವನ್ನು ಕರಗಿಸುತ್ತದೆ. ರಾತ್ರಿ 11ಕ್ಕೆ 120 ಇದ್ದವರಿಗೆ ಬೆಳಗ್ಗೆ 5ಕ್ಕೆ ಇನ್ನೂ 30ರ ಆಸುಪಾಸಿನಲ್ಲಿ ಉಳಿದಿರುತ್ತದೆ. ಮಲಗಿ ಎದ್ದು, ಸ್ನಾನ ಮಾಡಿ, ಕಾಫಿ ಕುಡಿದು ಬಂದ ಮನುಷ್ಯನಿಗೆ ತಾನು ಸರಿಯಾಗಿದ್ದೇನೆ ಎಂದೇ ಅನ್ನಿಸುತ್ತದೆ. ಕಾಫಿಯಿಂದಾಗಲೀ ತಣ್ಣೀರಿನಿಂದಾಗಲೀ ಅದು ಬೇಗ ಇಳಿಯುವುದಿಲ್ಲ. ಈ ಲೆಕ್ಕವನ್ನು ಚಾಲಕರಿಗೆ ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆಯೇ ನಮ್ಮಲ್ಲಿ ವಾದ ಕಡಿಮೆಯಾಯಿತು. ಇನ್ನೊಂದು ಸಾಧ್ಯತೆಯೂ ಇದೆ. ದಶಮೂಲಾರಿಷ್ಟ, ದ್ರಾಕ್ಷಾರಿಷ್ಟಗಳಲ್ಲಿ ಹುದುಗಿನಿಂದ ಬಂದ ಮದ್ಯಾಂಶವಿರುತ್ತದೆ, ಕೆಲವು ಬಾಯಿ ಮುಕ್ಕಳಿಸುವ ದ್ರವಗಳಲ್ಲೂ ಇರುತ್ತದೆ. ಬಾಯಿಯಲ್ಲಿ ಅದರ ಪಸೆ ಉಳಿದಿದ್ದಾಗ ಊದಿಸಿದರೆ ಮಷಿನ್ ಹೆಚ್ಚಾಗಿಯೇ ತೋರಿಸುತ್ತದೆ.

ಉತ್ತರ (ಅಮೆರಿಕದಲ್ಲಿ ಟ್ರಕ್ ಚಾಲಕರ ಪರೀಕ್ಷೆ ನಡೆಸುವ ಕನ್ನಡತಿ): ಮೇಲಿನವರು ಹೇಳಿದ ಬಾಯಿಯ ಪಸೆಯ ತೊಂದರೆಗೆ ಇಲ್ಲಿ ಒಂದು ನಿಶ್ಚಿತ ಪರಿಹಾರವಿದೆ. 1991ರ ಕಾಯ್ದೆಯೊಂದರ ಬಳಿಕ ಸಾರಿಗೆ ನೌಕರರ ಮದ್ಯ ಪರೀಕ್ಷೆ ಇಲ್ಲಿ ಕಡ್ಡಾಯವಾಯಿತು, ಪರೀಕ್ಷೆಯ ಪ್ರತಿ ಹೆಜ್ಜೆಯೂ ನಿಯಮದಲ್ಲಿದೆ. ನಾನು ಮೊದಲು ಗುರುತಿನ ಚೀಟಿ ನೋಡುತ್ತೇನೆ, ಮುಚ್ಚಿದ ಹೊಸ ಮೌತ್‌ಪೀಸನ್ನು ಚಾಲಕರ ಕಣ್ಣೆದುರೇ ಬಿಚ್ಚುತ್ತೇನೆ, ಬಂದ ಅಂಕಿಯನ್ನು ಅವರಿಗೇ ತೋರಿಸುತ್ತೇನೆ. ನಮ್ಮ 0.02 ನಿಮ್ಮ ಮಷಿನ್‌ನ 20ಕ್ಕೆ ಸಮ. ಅದಕ್ಕಿಂತ ಕಡಿಮೆಯಿದ್ದರೆ ಅಲ್ಲಿಗೆ ಮುಗಿಯಿತು. ಅಷ್ಟು ಅಥವಾ ಹೆಚ್ಚು ಬಂದರೆ ಕನಿಷ್ಠ 15 ನಿಮಿಷ ಕಾಯಿಸಬೇಕು. ಆ ಹೊತ್ತಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಬಾಯಿಗೆ ಏನನ್ನೂ ಹಾಕುವಂತಿಲ್ಲ, ಸಾಧ್ಯವಾದಷ್ಟು ತೇಗುವಂತೆಯೂ ಇಲ್ಲ. ಮೊದಲ ಪರೀಕ್ಷೆಯಾದ 30 ನಿಮಿಷದೊಳಗೆ ಎರಡನೆಯದನ್ನು ಆರಂಭಿಸಬೇಕು. ಅದಕ್ಕೆ ಮುನ್ನ ಬರಿಯ ಗಾಳಿಯನ್ನು ಎಳೆದುಕೊಂಡ ಮಷಿನ್ 0.00 ತೋರಿಸಬೇಕು. ಎರಡನೆಯ ಅಂಕಿಯೇ ಅಂತಿಮ, ಮೊದಲು 0.05 ಬಂದು ಬಳಿಕ 0.01 ಬಂದರೆ ಆ ಚಾಲಕರು ನಿರ್ದೋಷಿ.

ನಮ್ಮ 0.02 ನಿಮ್ಮ ಮಷಿನ್‌ನ 20ಕ್ಕೆ ಸಮ. 0.02ರಿಂದ 0.039ರವರೆಗೆ ಬಂದ ಟ್ರಕ್ ಚಾಲಕರು ಕನಿಷ್ಠ 24 ಗಂಟೆ ಗಾಡಿ ಮುಟ್ಟುವಂತಿಲ್ಲ. 0.04 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ತಜ್ಞರ ಬಳಿ ಕಳುಹಿಸುತ್ತಾರೆ. ಅವರು ಹೇಳಿದ ಚಿಕಿತ್ಸೆ ಅಥವಾ ತರಬೇತಿಯನ್ನು ಮುಗಿಸಿ, ಮತ್ತೆ ಊದಿ 0.02ಕ್ಕಿಂತ ಕಡಿಮೆ ಬಂದರಷ್ಟೇ ಕೆಲಸಕ್ಕೆ ಮರಳಬಹುದು, ಮೊದಲ ವರ್ಷದಲ್ಲಿ ಕನಿಷ್ಠ ಆರು ಅನಿರೀಕ್ಷಿತ ಪರೀಕ್ಷೆಗಳಿರುತ್ತವೆ. ಈ ದಾರಿ ಇರುವುದರಿಂದ ಒಮ್ಮೆ ಸಿಕ್ಕಿಬಿದ್ದವರ ಬದುಕು ಅಲ್ಲಿಗೇ ಮುಗಿಯುವುದಿಲ್ಲ. ನಿಮ್ಮ ನಿಯಮದಲ್ಲೂ ಇಂಥದ್ದೊಂದು ಇರಲಿ.

ಇನ್ನೆರಡು ಸಂಗತಿಗಳಿವೆ. ಚಾಲಕರ ನೇರ ಮೇಲಧಿಕಾರಿಯೇ ಪರೀಕ್ಷೆ ಮಾಡುವುದನ್ನು ಇಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ನೀವೂ ಕೀಲಿ ಕೊಡುವವರ ಕೈಗೆ ಮಷಿನ್ ಕೊಡಬೇಡಿ. ಕ್ಯಾಲಿಬ್ರೇಷನ್ ತಪಾಸಣೆಯಲ್ಲಿ, ಅಂದರೆ ಮಷಿನ್ ಸರಿಯಾದ ಅಂಕಿ ತೋರಿಸುತ್ತದೆಯೇ ಎಂದು ನೋಡುವಾಗ, ಅದು ತಪ್ಪು ತೋರಿಸಿದರೆ, ಹಿಂದಿನ ಸರಿಯಾದ ತಪಾಸಣೆಯ ನಂತರ ಅದರಲ್ಲಿ 0.02 ಅಥವಾ ಹೆಚ್ಚು ಬಂದ ಫಲಿತಾಂಶಗಳೆಲ್ಲ ರದ್ದಾಗುತ್ತವೆ. ಆದ್ದರಿಂದ ತಪಾಸಣೆಯ ದಿನಾಂಕವನ್ನು ಮಷಿನ್ ಮೇಲೆಯೇ ಅಂಟಿಸಿಡಿ, ಚಾಲಕರು ಓದಿಕೊಳ್ಳಲಿ.

ಉತ್ತರ (ಖಾಸಗಿ ಬಸ್ ಚಾಲಕ): ಊದಲು ನಮಗೆ ಬೇಸರವಿಲ್ಲ. ಗೇಟಿನ ಮುಂದೆ, ಹತ್ತುವ ಪ್ರಯಾಣಿಕರ ಎದುರಿಗೇ ಊದಿಸಿ, ಅಂಕಿಯನ್ನು ಗಟ್ಟಿಯಾಗಿ ಕೂಗುವುದು ಸಂಕಟ ಕೊಡುತ್ತದೆ. ಒಳಗೊಂದು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆಯಿರಿ. ಯಾರ ಮೇಲೆ ಅನುಮಾನವೋ ಅವರನ್ನಷ್ಟೇ ಆರಿಸದೆ ಸರತಿಯಲ್ಲಿರುವ ಎಲ್ಲರನ್ನೂ ಊದಿಸಿ. ಕಾಯಬೇಕಾದ ಆ 15 ನಿಮಿಷಕ್ಕೆ ಬದಲಿ ಚಾಲಕರು ಸಿದ್ಧರಿಲ್ಲದಿದ್ದರೆ, ಬಸ್ಸು ತಡವಾಗುತ್ತದೆಂದು ನಿಮ್ಮವರೇ ಎರಡನೆಯ ಪರೀಕ್ಷೆಯನ್ನು ಬಿಟ್ಟುಬಿಡುತ್ತಾರೆ. ಅದಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಎರಡನೆಯ ಸಲ ಸೊನ್ನೆ ಬಂದವರಿಗೆ ಆ ದಿನದ ಸಂಬಳವನ್ನು ಹಿಡಿಯಬಾರದು, ಎರಡೂ ಅಂಕಿಗಳಿರುವ ಚೀಟಿಯೊಂದನ್ನು ಅವರ ಕೈಗೂ ಕೊಡಬೇಕು.